ಕರ್ಣಾಟ ಕಲಹ: ಮೃಚ್ಛಕಟಿಕದ ರಾಜವೃತ್ತಾಂತವನ್ನು ಕುರಿತು

ಶೂದ್ರಕ ಕವಿಯ ಮೃಚ್ಛಕಟಿಕವು ಹತ್ತು ಅಂಕಗಳ ಪ್ರಕರಣ. ದಾರಿದ್ರ್ಯಕ್ಕೆ ಇಳಿದ ಚಾರುದತ್ತನಿಗೂ ಉಜ್ಜಯಿನಿಯ ಗಣಿಕೆಯಾದ ವಸಂತಸೇನೆಗೂ ಉಂಟಾದ ಅನುರಾಗವೇ ಅದರ ಮುಖ್ಯ ವಸ್ತುವೆಂದೂ, ಗೊಲ್ಲರ ಹುಡುಗನಾದ ಆರ್ಯಕನು ಪಾಲಕರಾಜನ ಸೆರೆಯಿಂದ ತಪ್ಪಿಸಿಕೊಂಡು ಕಡೆಗೆ ತಾನೇ ಅರಸನಾಗುವ ಕಥೆಯು ಅದಕ್ಕೆ ಪೋಷಕವಾದ ಪತಾಕೆಯೆಂದೂ ಲಾಕ್ಷಣಿಕರ ಮತವನ್ನು ಅನುಸರಿಸುವವರು ಸಾಮಾನ್ಯವಾಗಿ ಹೇಳುವರು. ಶೃಂಗಾರವು ಅಂಗಿರಸವಾದ ಮೇಲೆ ಅರಸರ ಮಾತು ಅಂಗವಾಗಿಯೇ ಇರತಕ್ಕದ್ದೆಂಬುದು ಅವರ ವಾದ. ನಮ್ಮ ಪಕ್ಷವು ಇದಕ್ಕಿಂತ ಭಿನ್ನವಾದುದು. ರಾಜ್ಯದ ಅಧಿಕಾರವು ಕೆಟ್ಟಾಗ ನಿರಪರಾಧಿಯಾದ ಒಬ್ಬನನ್ನು ಯಾರು ಕಾಪಾಡುವರು, ಯಾರು ಕೈಬಿಡುವರು ಎಂಬ ಪ್ರಶ್ನೆಯೇ ಈ ರೂಪಕದ ಪ್ರಾಣವೆಂದು ನಾವು ತಿಳಿಯುತ್ತೇವೆ. 1975ರ ಜೂನ್ 25ರ ರಾತ್ರಿ ಭಾರತದಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾಗಿ ಐವತ್ತು ವರ್ಷಗಳು ಸಂದಿವೆ. ಆದುದರಿಂದ ಈ ಪ್ರಶ್ನೆಯನ್ನು ಗ್ರಂಥದ ಹೊರಕ್ಕೂ ತಂದು, ನಮ್ಮ ನಾಡಿನಲ್ಲಿಯೇ ನಡೆದುದರೊಡನೆ ಹೋಲಿಸಿ ನೋಡುವುದು ಅನುಚಿತವಾಗಲಾರದು.

ಮೊದಲು ಗ್ರಂಥದ ಸಾಕ್ಷ್ಯವನ್ನು ನೋಡೋಣ. ಮಹಾಮಹೋಪಾಧ್ಯಾಯ ಗಣಪತಿ ಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಪ್ರಕಟಿಸಿದ ಭಾಸನಾಟಕಗಳಲ್ಲಿ ‘ಚಾರುದತ್ತ’ವೆಂಬುದೊಂದು ಉಂಟು. ಅದರಲ್ಲಿ ನಮಗೆ ದೊರೆತಿರುವುದು ನಾಲ್ಕೇ ಅಂಕಗಳು. ಶೂದ್ರಕನ ಮೊದಲ ನಾಲ್ಕು ಅಂಕಗಳ ಕಥೆಯೂ ಸಂವಾದಗಳ ಬಹುಭಾಗವೂ ಅಲ್ಲಿ ಕಾಣಬರುವುವು. ಆದರೆ ಆರ್ಯಕನ ಹೆಸರು ಅಲ್ಲಿಲ್ಲ. ಸೆರೆಮನೆಯ ಸುದ್ದಿಯೂ ಇಲ್ಲ. ಎರಡು ಗ್ರಂಥಗಳಲ್ಲಿ ಯಾವುದು ಹಿಂದಿನದೆಂಬ ವಿಷಯದಲ್ಲಿ ಪಂಡಿತರ ಚರ್ಚೆಯುಂಟಾದರೂ, ‘ಚಾರುದತ್ತ’ವೇ ಪ್ರಾಚೀನವೆಂದು ಅನೇಕರು ಒಪ್ಪಿರುವರು. ಆ ಮತವು ಸರಿಯಾದರೆ ಶೂದ್ರಕನು ಹಳೆಯ ಪ್ರಣಯಕಥೆಯನ್ನು ಕೈಗೆತ್ತಿಕೊಂಡು ರಾಜವೃತ್ತಾಂತವನ್ನು ತಾನಾಗಿಯೇ ಅದರೊಳಕ್ಕೆ ಹೆಣೆದನೆಂದಾಯಿತು. ಸಿದ್ಧವಾಗಿದ್ದ ಕಥೆಗೆ ಕವಿಯು ಹೊಸದಾಗಿ ಏನನ್ನು ಸೇರಿಸಿದನೋ ಅದರಲ್ಲಿ ಅವನ ಉದ್ದೇಶವು ಹೆಚ್ಚು ಸ್ಪಷ್ಟವಾಗಿ ತೋರುವುದು ಸಹಜವಲ್ಲವೆ?

ಇನ್ನು ಆರ್ಯಕನು ಸೆರೆಗೆ ಬಿದ್ದುದು ಯಾವ ಅಪರಾಧಕ್ಕೆ? ಅವನು ಕದಿಯಲಿಲ್ಲ, ಕೊಲ್ಲಲಿಲ್ಲ, ದಂಗೆ ಎಬ್ಬಿಸಲಿಲ್ಲ. ಈ ಗೊಲ್ಲರ ಹುಡುಗನು ಮುಂದೆ ಅರಸನಾಗುವನೆಂದು ಒಬ್ಬ ಸಿದ್ಧನು ನುಡಿದನು. ಅದನ್ನು ಕೇಳಿ ಹೆದರಿದ ಪಾಲಕನು ಅವನನ್ನು ಗೊಲ್ಲರ ಹಟ್ಟಿಯಿಂದ ಹಿಡಿತರಿಸಿ ಸಂಕೋಲೆ ಹಾಕಿಸಿದನು. ನಾಲ್ಕನೆಯ ಅಂಕದಲ್ಲಿ ಈ ವಾರ್ತೆಯು ನೇಪಥ್ಯದಿಂದ ಘೋಷಣೆಯಾಗಿ ಬರುವುದು. ಮಾಡಿದ ಕೃತ್ಯಕ್ಕಾಗಿ ಅಲ್ಲದೆ, ಮುಂದೆ ಮಾಡಬಹುದೆಂಬ ಶಂಕೆಗಾಗಿ ಮನುಷ್ಯನನ್ನು ಬಂಧಿಸುವುದಕ್ಕೆ ಈಗಿನ ಕಾನೂನಿನಲ್ಲಿ ಮುಂಜಾಗ್ರತಾ ಬಂಧನವೆಂದು ಹೆಸರು. ಸಿದ್ಧನ ನುಡಿಗೆ ಬದಲಾಗಿ ಈಗ ಅಧಿಕಾರಿಯ ವರದಿಯಿರುವುದು; ಉಳಿದುದರಲ್ಲಿ ಹೆಚ್ಚಿನ ಭೇದವು ಕಾಣದು.

ಪಾಲಕನ ಪಾತ್ರವಿಷಯದಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಹತ್ತು ಅಂಕಗಳಲ್ಲಿ ಒಂದರಲ್ಲಿಯೂ ಅವನು ರಂಗದ ಮೇಲೆ ಬರುವುದಿಲ್ಲ. ಅವನ ಆಜ್ಞೆ ಬರುವುದು, ಅವನ ಕಾವಲುಗಾರರು ಬರುವರು, ಅವನ ಮೈದುನನಾದ ಶಕಾರನು ಬರುವನು. ಅರಸನು ಮಾತ್ರ ಬಾರನು. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ದೊಡ್ಡಾಟಗಳನ್ನು ಕಂಡವರಿಗೆ ಇದು ವಿಚಿತ್ರವಾಗಿ ತೋರುವುದು. ನಮ್ಮ ಆಟದಲ್ಲಿ ಎಂತಹ ಚಕ್ರವರ್ತಿಯಾದರೂ ಕಿರೀಟ ಭುಜಕೀರ್ತಿಗಳೊಡನೆ ಅಟ್ಟದ ಮೇಲೆ ಬಂದು ನಿಂತ ಕೂಡಲೆ, ತಾವು ಯಾರು, ಯಾವ ದೇಶದವರು, ಬಂದ ಕಾರಣವೇನೆಂದು ಸಾರಥಿಯು ಕೇಳುವನು. ಅರಸನು ಊರ ಜನರ ಎದುರಿಗೆ ಉತ್ತರವನ್ನು ಹೇಳಿದ ಮೇಲೆಯೇ ಕಥೆ ಮುಂದುವರಿಯತಕ್ಕದ್ದು. ಪಾಲಕನನ್ನು ಕೇಳುವ ಸಾರಥಿಯಿಲ್ಲ. ಕಣ್ಣಿಗೆ ಕಾಣದೆ, ಪ್ರಶ್ನೆಗೆ ಸಿಕ್ಕದೆ, ಆಜ್ಞೆಯ ರೂಪದಿಂದ ಮಾತ್ರವೇ ಇರುವ ಅಧಿಕಾರವನ್ನು ಶೂದ್ರಕನು ಬುದ್ಧಿಪೂರ್ವಕವಾಗಿಯೇ ಚಿತ್ರಿಸಿರುವನೆಂದು ನಮಗೆ ತೋರುತ್ತದೆ.

ಹಾಗಾದರೆ ಇಂಥ ಅಧಿಕಾರಕ್ಕೆ ಎದುರಾಗಿ ಯಾರು ನಿಲ್ಲುವರು? ಸಾಮಂತರಲ್ಲ, ಮಂತ್ರಿಗಳೂ ಅಲ್ಲ. ಆರನೆಯ ಅಂಕದಲ್ಲಿ ಸೆರೆಯನ್ನು ಮುರಿದು ಬಂದ ಆರ್ಯಕನು ಚಾರುದತ್ತನ ಬಂಡಿಯಲ್ಲಿ ಅಡಗುವನು. ರಾಜಮಾರ್ಗದಲ್ಲಿ ವೀರಕ, ಚಂದನಕರೆಂಬ ಇಬ್ಬರು ರಕ್ಷಾಧಿಕಾರಿಗಳು ಬಂಡಿಯನ್ನು ತಡೆಯುವರು. ಚಂದನಕನು ಒಳಗೆ ಇಣಿಕಿ ನೋಡಿ ಆರ್ಯಕನ ಗುರುತನ್ನು ಹಿಡಿಯುವನು. ಶರಣೆಂದವನಿಗೆ ಅಭಯವನ್ನು ಕೊಡುವನು; ಬಂಡಿಯಲ್ಲಿ ಇರುವವಳು ವಸಂತಸೇನೆಯೆಂದು ಹೊರಗೆ ಹೇಳುವನು. ಹೇಳುವಾಗ ನಾಲಗೆ ತಡವರಿಸಿ ಸ್ತ್ರೀಲಿಂಗಕ್ಕೆ ಬದಲಾಗಿ ಪುಲ್ಲಿಂಗವು ಬಾಯಿಗೆ ಬಂದುಬಿಡುವುದು. ವೀರಕನಿಗೆ ಸಂಶಯ ಹುಟ್ಟುವುದು. ತಾನು ದಾಕ್ಷಿಣಾತ್ಯನು, ತನ್ನವರ ಮಾತಿನಲ್ಲಿ ಲಿಂಗವಿವೇಕವು ಅಷ್ಟಾಗಿ ಇರದೆಂದು ಚಂದನಕನು ಸಮಾಧಾನ ಹೇಳುವನು. ವೀರಕನು ಬಿಡದೆ ತಾನೂ ನೋಡುವೆನೆಂದು ಹಟಹಿಡಿದಾಗ, ಇನ್ನು ಕರ್ಣಾಟರ ರೀತಿಯ ಜಗಳವೊಂದನ್ನು ಹೂಡುವುದೇ ಉಪಾಯವೆಂದು ಅವನು ಮನಸ್ಸಿನಲ್ಲಿ ನಿಶ್ಚಯಿಸುವನು. ಜಾತಿಯನ್ನೆತ್ತಿ ಬೈಗಳು ನಡೆಯುವುವು, ವೀರಕನು ಒದೆ ತಿಂದು ನ್ಯಾಯಸ್ಥಾನಕ್ಕೆ ದೂರು ಕೊಡುವೆನೆಂದು ಹೊರಡುವನು, ಬಂಡಿಯು ಸಾಗಿಹೋಗುವುದು.

ಕರ್ಣಾಟರು ಜಗಳಗಂಟರೆಂದು ಉಜ್ಜಯಿನಿಯ ಕವಿಯು ಹಾಸ್ಯಮಾಡಿರುವನೆಂದು ಈ ಸ್ಥಳವನ್ನು ಓದಿ ನಕ್ಕು ಬಿಡುವುದುಂಟು. ನಮ್ಮವರಿಗೆ ಅದರಲ್ಲಿ ಅವಮಾನವೆಂದು ತೋರಿದರೂ ತೋರಬಹುದು. ನಾವು ಮಾತ್ರ ಇದನ್ನು ಮರ್ಯಾದೆಯೆಂದೇ ಎಣಿಸುತ್ತೇವೆ. ಶೋಧನೆಗೆ ಬಂದ ಅಧಿಕಾರದ ಕೈಯನ್ನು ಒಂದು ಮುಹೂರ್ತಕಾಲ ತಡೆದುದು ಆ ಜಗಳ. ಅಷ್ಟರಲ್ಲಿ ಒಬ್ಬನ ಪ್ರಾಣ ಉಳಿಯಿತು. ಈ ನಾಟಕದಲ್ಲಿ ಸಜ್ಜನರು ಮಾಡುವ ಉಪಕಾರವೆಲ್ಲ ಹೀಗೆ ತಡೆಯುವ, ಒಲ್ಲೆನೆನ್ನುವ, ತಡಮಾಡುವ ರೂಪದಲ್ಲಿಯೇ ಇರುವುದು. ಎಂಟನೆಯ ಅಂಕದಲ್ಲಿ ವಸಂತಸೇನೆಯನ್ನು ಕೊಲ್ಲೆಂದು ಶಕಾರನು ತನ್ನ ದಾಸನಾದ ಸ್ಥಾವರಕನಿಗೆ ಆಜ್ಞಾಪಿಸಿದರೆ, ತನ್ನ ದೇಹಕ್ಕೆ ಒಡೆಯನು ನೀನಾದರೂ ನಡತೆಗೆ ಒಡೆಯನಲ್ಲವೆಂಬ ಅರ್ಥದ ಉತ್ತರವನ್ನು ಅವನು ಕೊಟ್ಟು ಹೊಡೆತವನ್ನು ತಿನ್ನುವನು. ಹತ್ತನೆಯ ಅಂಕದಲ್ಲಿ ಚಾರುದತ್ತನನ್ನು ವಧ್ಯಸ್ಥಾನಕ್ಕೆ ಒಯ್ಯುವ ಚಾಂಡಾಲರಲ್ಲಿ ಒಬ್ಬನು ತನ್ನ ತಂದೆ ಸಾಯುವಾಗ ಹೇಳಿದ ಬುದ್ಧಿಯನ್ನು ನೆನೆಯುವನು: ವಧ್ಯನನ್ನು ಆತುರದಿಂದ ಕೊಲ್ಲಬಾರದು, ಯಾರಾದರೂ ಹಣ ಕೊಟ್ಟು ಬಿಡಿಸಬಹುದು, ಅರಸನಿಗೆ ಮಗ ಹುಟ್ಟಬಹುದು, ಅರಸೇ ಬದಲಾಗಬಹುದು. ಆ ತಡದಿಂದಲೇ ಚಾರುದತ್ತನು ಬದುಕಿದನು. ದಾಸ, ಕಾವಲುಗಾರ, ಕೊಲೆಗಡುಕ, ಇವರೆಲ್ಲರೂ ರಾಜಸೇವಕರ ಸಾಲಿನಲ್ಲಿ ಅತ್ಯಂತ ಕೆಳಗಿನವರು. ನಾಗರಿಕ ಸಮಾಜವೆಂದು ಈಗ ಯಾವುದನ್ನು ಕರೆಯುವೆವೋ ಅದರ ಬಲವು ಇಂಥವರಲ್ಲಿಯೂ ಇರುವುದೆಂಬುದು ಕವಿಯ ದರ್ಶನ.

ಮೇಲಿನವರು ಏನು ಮಾಡಿದರು? ಒಂಬತ್ತನೆಯ ಅಂಕದ ನ್ಯಾಯಸಭೆಯನ್ನು ನೋಡಿರಿ. ಅಲ್ಲಿ ಅಧಿಕರಣಿಕನಿರುವನು, ಅವನೊಡನೆ ಪುರದ ಶ್ರೇಷ್ಠಿಯೂ ಬರಹಗಾರನಾದ ಕಾಯಸ್ಥನೂ ಕುಳಿತಿರುವರು. ನಮ್ಮ ಹರಪನಹಳ್ಳಿಯ ಬಳಿಯ ಬಾಗಳಿಯ ಶಾಸನಗಳಲ್ಲಿ ಮಹಾಜನರೆಂದು ಬರುವರಲ್ಲವೆ, ಅಂಥ ಗಣ್ಯರೆಂದು ತಿಳಿಯಬಹುದು. ಶಕಾರನ ದೂರನ್ನು ಈ ದಿನ ವಿಚಾರಿಸುವುದಿಲ್ಲವೆಂದು ಅಧಿಕರಣಿಕನು ಮೊದಲು ಹೇಳಿಸುವನು. ಭಾವನಾದ ಪಾಲಕರಾಜನಿಗೆ ಹೇಳಿ ಈ ಅಧಿಕರಣಿಕನನ್ನು ತೆಗೆಯಿಸಿ ಬೇರೊಬ್ಬನನ್ನು ನೇಮಿಸಿಬಿಡುವೆನೆಂದು ಶಕಾರನು ಗರ್ಜಿಸುವನು. ಕೂಡಲೆ ವಿಚಾರಣೆಗೆ ಒಪ್ಪಿಗೆ ದೊರೆಯುವುದು. ಚಾರುದತ್ತನು ನಿರಪರಾಧಿಯೆಂದು ಅಧಿಕರಣಿಕನ ಮನಸ್ಸು ಹೇಳುತ್ತಿದ್ದರೂ ಸಾಕ್ಷ್ಯವು ವಿರುದ್ಧವಾಗಿ ನಿಂತಾಗ, ನಿರ್ಣಯವಷ್ಟೇ ತನ್ನದು, ಶಿಕ್ಷೆಯು ಅರಸನದೆಂದು ಹೇಳಿ ಕೈತೊಳೆದುಕೊಳ್ಳುವನು. ಬ್ರಾಹ್ಮಣನನ್ನು ಕೊಲ್ಲಬಾರದು, ದೇಶದಿಂದ ಹೊರಡಿಸಬೇಕೆಂಬ ಮನುವಚನವನ್ನು ಅರಸನಿಗೆ ಬಿನ್ನೈಸಿ ಕಳುಹಿಸುವನು. ಇದೂ ನ್ಯಾಯವಲ್ಲ; ಜಾತಿಯಿಂದ ದೊರೆಯುವ ವಿನಾಯಿತಿಯು ಮನುಷ್ಯನೆಂಬ ಮಾತ್ರದಿಂದ ಎಲ್ಲರಿಗೂ ಸಲ್ಲತಕ್ಕ ಹಕ್ಕಿಗೆ ಸಮನಾಗದು. ಅದನ್ನೂ ತಿರಸ್ಕರಿಸಿ ಪಾಲಕನು ಮರಣದಂಡನೆಯನ್ನು ವಿಧಿಸುವನು. ಇಲ್ಲಿ ಅಧಿಕರಣಿಕನು ದುಷ್ಟನಲ್ಲ, ವಿದ್ವಾಂಸ, ಕರುಣಾಳು. ತನ್ನ ಕರ್ತವ್ಯದಲ್ಲಿ ಅರ್ಧವನ್ನು ಮಾಡಿ ಅರ್ಧವನ್ನು ಬಿಟ್ಟವನು. ಶ್ರೇಷ್ಠಿ ಕಾಯಸ್ಥರು ಮರುಗುತ್ತ ಕುಳಿತರು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿನ ಕಡೆಗೆ ಬರೋಣ. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಪಾರ್ಲಿಮೆಂಟಿನ ವಿರೋಧಪಕ್ಷಗಳ ನಾಲ್ವರು ಮುಖಂಡರನ್ನು, ಎಂದರೆ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರನ್ನು, ಪೋಲೀಸರು ಬಂಧಿಸಿದರು. ಅವರು ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹಾಕಿದರು. ಸೆರೆಯಲ್ಲಿಟ್ಟವನನ್ನು ನ್ಯಾಯಾಸನದ ಮುಂದೆ ನಿಲ್ಲಿಸಿ ಕಾರಣವನ್ನು ಹೇಳಿರೆಂದು ಸರ್ಕಾರವನ್ನು ಕೇಳುವ ಬಿನ್ನಹವಿದು. ದೊಡ್ಡಾಟದ ಸಾರಥಿಯ ಪ್ರಶ್ನೆಗೆ ಕಾನೂನಿನಲ್ಲಿ ಇದಕ್ಕಿಂತ ಸಮೀಪವಾದುದು ಬೇರೊಂದಿಲ್ಲ. ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ರಾಷ್ಟ್ರಪತಿಯ ಆಜ್ಞೆಯು ಮುಚ್ಚಿರುವುದರಿಂದ ಇಂಥ ಅರ್ಜಿಗಳಿಗೆ ಎಡೆಯೇ ಇಲ್ಲವೆಂದು ಸರ್ಕಾರವು ವಾದಿಸಿತು. ಕರ್ನಾಟಕವೂ ಸೇರಿದಂತೆ ದೇಶದ ಹಲವು ಹೈಕೋರ್ಟುಗಳು ಆ ವಾದವನ್ನು ಒಪ್ಪಲಿಲ್ಲ. ಆ ಕಾಲದಲ್ಲಿ ಅನೇಕ ನ್ಯಾಯಾಧೀಶರನ್ನು ದೂರದ ರಾಜ್ಯಗಳಿಗೆ ವರ್ಗಮಾಡಿದರು. ಕರ್ನಾಟಕದ ನ್ಯಾಯಮೂರ್ತಿ ಡಿ. ಎಂ. ಚಂದ್ರಶೇಖರ್ ಹಾಗೂ ಎಂ. ಸದಾನಂದಸ್ವಾಮಿ ಅವರಲ್ಲಿ ಸೇರಿದ್ದರು. ಶಕಾರನ ಬೆದರಿಕೆಯನ್ನು ಓದಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವ್ಯಾಜ್ಯಗಳೆಲ್ಲ ಸುಪ್ರೀಂ ಕೋರ್ಟಿಗೆ ಹೋದುವು. ವಾದವು ನಡೆಯುತ್ತಿದ್ದಾಗ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಂದು ಪ್ರಶ್ನೆಯನ್ನು ಕೇಳಿದರು: ಪೋಲೀಸಿನವನೊಬ್ಬನು ಸ್ವಂತ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೆ? ತಮ್ಮ ವಾದಕ್ಕೆ ಅನುಸಾರವಾಗಿ ಇಲ್ಲವೆಂದೇ ಹೇಳಬೇಕಾಗುವುದೆಂದು ಸರ್ಕಾರದ ಅಟಾರ್ನಿ ಜನರಲ್ ನಿರೇನ್ ಡೇ ಉತ್ತರ ಕೊಟ್ಟರು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಪಕ್ಷವನ್ನು ಎತ್ತಿಹಿಡಿದರು; ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದರು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಮೀರಿ ಬೇರೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಿದುದರಿಂದ ಅವರು ರಾಜೀನಾಮೆ ಕೊಟ್ಟರು. ನಾಲ್ವರು ವಿದ್ವಾಂಸರು ಉಜ್ಜಯಿನಿಯ ಅಧಿಕರಣಿಕನ ಹಾದಿಯನ್ನು ಹಿಡಿದರು. ಒಬ್ಬರು ಆ ಅರ್ಧಕ್ಕೆ ನಿಲ್ಲದೆ ತಮ್ಮ ಕರ್ತವ್ಯವನ್ನು ಪೂರ್ತಿಯಾಗಿ ಮಾಡಿ ಅದರ ಬೆಲೆಯನ್ನು ತೆತ್ತರು.

ತೀರ್ಪು ಬಂದ ನಾಲ್ಕನೆಯ ದಿನ, ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಅನಂತಮೂರ್ತಿಯವರ ಕಾದಂಬರಿಯಿಂದ 1970ರಲ್ಲಿ ತಯಾರಾದ ‘ಸಂಸ್ಕಾರ’ ಚಲಚ್ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ಅಭಿನಯಿಸಿದ ಮಹಾನಟಿ ಆಕೆ. ಬರೋಡಾ ಡೈನಮೈಟ್ ಪ್ರಕರಣದ ಸಂಬಂಧದಲ್ಲಿ ಹಿಡಿದರು. ಕಡೆಯ ಆರೋಪಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ. ಆದರೂ ಮೀಸಾ ಶಾಸನದ ಬಲದಿಂದ ಎಂಟು ತಿಂಗಳು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಆಕೆ ಹಳೆಯ ಉಬ್ಬಸದ ರೋಗಿ. ಸೆರೆಯಲ್ಲಿ ವ್ಯಾಧಿಯು ಉಲ್ಬಣಿಸಿತು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. 20ರಂದು ಆಕೆ ತೀರಿಕೊಂಡರು. ಆಕೆಯ ಸೆರೆಮನೆಯ ಬರಹಗಳು ಅದೇ ವರ್ಷ ಬೆಂಗಳೂರಿನಲ್ಲಿ ಪುಸ್ತಕವಾಗಿ ಪ್ರಕಟವಾದುವು. ತನ್ನ ಸಂಕಟದ ನಡುವೆಯೂ ಜೊತೆಯ ಬಡ ಹೆಂಗಸು ಕೈದಿಗಳ ಮೇಲೆ ನಡೆಯುವ ಕ್ರೌರ್ಯಕ್ಕಾಗಿ ಜೈಲಿನ ಅಧಿಕಾರಿಗಳೊಡನೆ ಜಗಳ ಕಾದವರು ಆಕೆ. ಮೃಚ್ಛಕಟಿಕದಲ್ಲಿ ಕೊರಳು ಹಿಸುಕಿಸಿಕೊಂಡ ವಸಂತಸೇನೆಯು ಒಬ್ಬ ಭಿಕ್ಷುವಿನ ಉಪಚಾರದಿಂದ ಮರಳಿ ಉಸಿರಾಡುವಳು. ನಮ್ಮ ನಟಿಗೆ ಅಂಥ ಹತ್ತನೆಯ ಅಂಕವು ದೊರೆಯಲಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಚಂದನಕನ ಜಗಳವು ಕಪಟವಲ್ಲವೆ? ಸುಳ್ಳು ಹೇಳಿ, ಜೊತೆಯವನನ್ನು ಒದ್ದು, ರಾಜಾಜ್ಞೆಯನ್ನು ಮೀರಿದವನನ್ನು ಪೌರಧರ್ಮಕ್ಕೆ ಮಾದರಿಯೆಂದು ಹೇಳಬಹುದೆ? ಆಕ್ಷೇಪವು ಯುಕ್ತವೇ. ಕವಿಯೂ ಇದನ್ನು ಬಲ್ಲನು. ಒದೆ ತಿಂದ ವೀರಕನು ಒಂಬತ್ತನೆಯ ಅಂಕದಲ್ಲಿ ದೂರು ಹೇಳಲು ಬಂದು, ಆ ಬಂಡಿಯು ಚಾರುದತ್ತನದು, ಅದರಲ್ಲಿ ವಸಂತಸೇನೆಯು ಹೋಗುತ್ತಿದ್ದಳಂತೆ ಎಂದು ತಾನು ಕೇಳಿದುದನ್ನು ನುಡಿಯುವನು. ಅದೇ ಚಾರುದತ್ತನ ಮೇಲೆ ಬಲವಾದ ಸಾಕ್ಷ್ಯವಾಗುವುದು. ಒಬ್ಬ ನಿರಪರಾಧಿಯನ್ನು ಉಳಿಸಿದ ಸುಳ್ಳು ಇನ್ನೊಬ್ಬ ನಿರಪರಾಧಿಯ ಕೊರಳಿಗೆ ಸುತ್ತಿಕೊಂಡಿತು. ಆದುದರಿಂದ ನಮಗೆ ಬೇಕಾದುದು ಜಗಳದ ಧೈರ್ಯವೇ ಹೊರತು ಅದರ ಮರೆಯಲ್ಲ. ಕೂಡ್ಲಿಗಿಯ ಸ್ಮಾರಕದಲ್ಲಿ ಯಾವ ಮಹಾತ್ಮರ ಚಿತಾಭಸ್ಮವಿರುವುದೋ ಅವರು ಸರ್ಕಾರದೊಡನೆ ಜಗಳಕ್ಕೆ ನಿಲ್ಲುವ ಮೊದಲೇ ವೈಸರಾಯರಿಗೆ ಕಾಗದ ಬರೆದು ತಿಳಿಸುತ್ತಿದ್ದರು. ತುರ್ತುಪರಿಸ್ಥಿತಿಯ ಕಾಲದಲ್ಲಿ ಶಿವರಾಮ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣ ಪ್ರಶಸ್ತಿಯನ್ನು ಪ್ರತಿಭಟನೆಯಾಗಿ ಹಿಂದಿರುಗಿಸಿದುದೂ ಬಹಿರಂಗವಾಗಿಯೇ. ಹೆಸರು ಹೇಳಿ, ಎದುರಿಗೆ ನಿಂತು, ಫಲವನ್ನು ತಾನೇ ಅನುಭವಿಸಲು ಸಿದ್ಧನಾಗಿ ಹೂಡಿದ ಜಗಳವು ಮತ್ತೊಬ್ಬನ ಕೊರಳಿಗೆ ಉರುಳಾಗುವುದಿಲ್ಲ.

ಇನ್ನು ನಾಟಕದ ಉಪಸಂಹಾರಕ್ಕೆ ಬರೋಣ. ಇಲ್ಲಿಯೇ ಕವಿಯೊಡನೆ ನಮಗೂ ಸ್ವಲ್ಪ ಜಗಳವುಂಟು. ಪಾಲಕನು ಯಜ್ಞವಾಟದಲ್ಲಿ ಪಶುವಿನಂತೆ ಹತನಾದನು, ಆರ್ಯಕನು ಅರಸನಾದನು. ಬಹುಮಾನಗಳ ಮಳೆ ಸುರಿಯಿತು. ಚಾರುದತ್ತನಿಗೆ ಕುಶಾವತೀ ರಾಜ್ಯ, ವಸಂತಸೇನೆಗೆ ವಧುವೆಂಬ ಗೌರವ, ಸ್ಥಾವರಕನಿಗೆ ದಾಸ್ಯವಿಮೋಚನೆ, ಚಾಂಡಾಲರಿಗೆ ತಮ್ಮ ಕುಲದ ಯಜಮಾನಿಕೆ, ಚಂದನಕನಿಗೆ ದಂಡಪಾಲಪದವಿ, ಭಿಕ್ಷುವಿಗೆ ವಿಹಾರಗಳ ಒಡೆತನ. ಇರಲಿ, ಸಂತೋಷವೇ. ಆದರೆ ನ್ಯಾಯಸಭೆಯ ಗತಿಯೇನು? ಸಿದ್ಧನ ನುಡಿಯಿಂದಲೇ ಜನರನ್ನು ಸೆರೆಗೆ ಹಾಕುವ ಪದ್ಧತಿಯು ನಿಂತಿತೆ? ಶರಣಾದ ಶಕಾರನ ಪ್ರಾಣವನ್ನು ಚಾರುದತ್ತನು ಉಳಿಸಿದುದು ಸರಿ. ಅವನ ಸ್ಥಾನಮಾನಗಳೂ ಮೊದಲಿನಂತೆಯೇ ಇರಲೆಂದದ್ದು ಯಾವ ನೀತಿ? ಒಳ್ಳೆಯ ಅರಸು ಬಂದುದೇ ಪರಿಹಾರವೆಂದು ಕವಿಯು ನಿಲ್ಲಿಸಿಬಿಟ್ಟನು. ಆರ್ಯಕನಿಗೂ ನಾಳೆ ಒಬ್ಬ ಸಿದ್ಧನು ಭವಿಷ್ಯವನ್ನು ಹೇಳಬಹುದೆಂಬುದನ್ನು ಅವನು ನೆನೆಯಲಿಲ್ಲ.

ಈ ವಿಷಯದಲ್ಲಿ ಮಾತ್ರ ನಮ್ಮ ಕಾಲದವರು ಕವಿಗಿಂತ ಮುಂದೆ ಹೋಗಿರುವರು. 1977ರಲ್ಲಿ ಅರಸು ಬದಲಾದುದಕ್ಕೇ ತೃಪ್ತರಾಗದೆ, 1978ರಲ್ಲಿ ಸಂವಿಧಾನದ 44ನೆಯ ತಿದ್ದುಪಡಿಯನ್ನು ತಂದರು. ತುರ್ತುಪರಿಸ್ಥಿತಿಯಲ್ಲಿಯೂ ಪ್ರಾಣ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಮುಚ್ಚಕೂಡದೆಂದಾಯಿತು. ‘ಆಂತರಿಕ ಕ್ಷೋಭೆ’ಯೆಂಬ ಸಡಿಲ ಮಾತಿನ ಬದಲು ‘ಸಶಸ್ತ್ರ ದಂಗೆ’ಯೆಂಬ ಕಟ್ಟಾದ ಮಾತು ಬಂದಿತು. 1976ರ ತೀರ್ಪನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತಳ್ಳಿಹಾಕಿತು. ಆ ವ್ಯಾಜ್ಯದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ವೃದ್ಧಾಪ್ಯದಲ್ಲಿ ಸರ್ಕಾರದೊಡನೆ ಅವರು ಹೂಡಿದ ಈ ವ್ಯಾಜ್ಯವನ್ನು ನಾವು ಕರ್ಣಾಟ ಕಲಹಗಳಲ್ಲಿಯೇ ಉತ್ತಮವೆಂದು ಎಣಿಸುತ್ತೇವೆ.

ಆದರೂ ಆರ್ಯಕನ ಸೆರೆಮನೆಯು ಪೂರ್ತಿಯಾಗಿ ಬಿದ್ದುಹೋಗಿಲ್ಲ. ಮೀಸಾ ರದ್ದಾಯಿತು, 1980ರಲ್ಲಿ ರಾಷ್ಟ್ರೀಯ ಭದ್ರತಾ ಶಾಸನವು ಬಂದಿತು. ಅದರಂತೆ ವಿಚಾರಣೆಯಿಲ್ಲದೆ ಹನ್ನೆರಡು ತಿಂಗಳವರೆಗೆ ಬಂಧನದಲ್ಲಿಡಬಹುದು. ಮುಂಜಾಗ್ರತಾ ಬಂಧನಕ್ಕೆ ಸಂವಿಧಾನದ 22ನೆಯ ವಿಧಿಯಲ್ಲಿಯೇ ಎಡೆಯುಂಟು. ಯಾವ ಪಕ್ಷದ ಸರ್ಕಾರವಿದ್ದರೂ ಈ ಅಧಿಕಾರವು ಕೈಯಲ್ಲಿರುವುದು. ಒಳ್ಳೆಯ ಅರಸು ಬರಲೆಂಬ ಭರತವಾಕ್ಯದಿಂದಲೇ ಪೌರರ ಕೆಲಸವು ಮುಗಿಯಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಾಗಿಲ್ಲ.

ಕಡೆಯದಾಗಿ ನಮ್ಮ ಸೀಮೆಯ ಆಟದ ಕವಿಗಳಲ್ಲಿಯೂ ಮೇಳದ ಯಜಮಾನರಲ್ಲಿಯೂ ಒಂದು ವಿಜ್ಞಾಪನೆ. ಮೃಚ್ಛಕಟಿಕದ ಆರನೆಯ, ಒಂಬತ್ತನೆಯ ಮತ್ತು ಹತ್ತನೆಯ ಅಂಕಗಳನ್ನು ದೊಡ್ಡಾಟದ ಮಟ್ಟುಗಳಿಗೆ ಹೊಂದಿಸಿ ಒಂದು ಪ್ರಸಂಗವನ್ನು ರಚಿಸಬಾರದೆ? ಚಂದನಕನ ಜಗಳಕ್ಕೆ ನಮ್ಮ ಹಳ್ಳಿಯ ಮಾತಿಗಿಂತ ತಕ್ಕ ಭಾಷೆಯು ಬೇರೆಲ್ಲಿ ದೊರೆತೀತು? ಆದರೆ ಶೂದ್ರಕನು ಮಾಡದೆ ಬಿಟ್ಟ ಒಂದು ಕೆಲಸವನ್ನು ಅದರಲ್ಲಿ ಮಾಡಬೇಕು: ಪಾಲಕನನ್ನು ಅಟ್ಟದ ಮೇಲಕ್ಕೆ ಕರೆತರಬೇಕು. ಅವನು ಬಂದು ನಿಂತಾಗ, ತಾವು ಯಾರು, ಈ ಗೊಲ್ಲರ ಹುಡುಗನನ್ನು ಯಾವ ತಪ್ಪಿಗಾಗಿ ಸೆರೆಯಲ್ಲಿಟ್ಟಿರಿ ಎಂದು ಸಾರಥಿಯು ಊರೆಲ್ಲ ಕೇಳುವಂತೆ ಕೇಳಲಿ. ಉತ್ತರ ಬರುವವರೆಗೆ ಮದ್ದಳೆಯು ನಿಂತಿರಲಿ.